ಗರುಡಗಂಬದ ಕಥೆಯನ್ನು ಅರ್ಧಕ್ಕೆ ಬಿಡಬೇಡಿ

ಎದೆಗೆ ಹೊಸ ಬಿಲ್ಲೆ ಸಿಕ್ಕಿಸಿಕೊಂಡ ನಾಲ್ಕೈದು ಮಂದಿ ಗೈಡುಗಳು ಮೊನ್ನೆ ನಮ್ಮ ಮನೆಗೆ ಬಂದಿದ್ದರು. "ಸರ್, ಈ ಕೆಲಸದ ಗುಟ್ಟು ಹೇಳಿ" ಎಂದರು. ಮೊದಲು ಗಟ್ಟಿಯಾದ ಚಪ್ಪಲಿ ಕೊಳ್ಳಿ, ಆದರೆ ಗುಡಿಯ ಬಾಗಿಲಲ್ಲಿ ಬಿಟ್ಟು ಒಳಗೆ ಹೋದಾಗ ಯಾರಿಗೂ ಆಸೆಯಾಗದಂಥದ್ದು ಕೊಳ್ಳಿ ಎಂದೆ. ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಹಳೇಬೀಡಿನ ಕಲ್ಲುಹಾಸಿನ ಮೇಲೆ ಬೇಸಗೆಯ ಮಧ್ಯಾಹ್ನ ಬರಿಗಾಲಲ್ಲಿ ನಿಂತು ಆನೆಯ ಸಾಲು, ಸಿಂಹದ ಸಾಲು ಎಂದು ವಿವರಿಸುವವನಿಗೆ ಶಿಲ್ಪಕ್ಕಿಂತ ಅಂಗಾಲೇ ಮೊದಲು ನೆನಪಾಗುವುದು.

ಅವರು ಹೋದ ಮೇಲೆ ಅನಿಸಿತು, ಹೇಳಬೇಕಾದ್ದು ಹೇಳಲಿಲ್ಲ ಎಂದು. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಪರವಾನಗಿ ಸಿಕ್ಕಿದ್ದು ಯಾವಾಗ, ಹಿರಿಯ ಗೈಡ್ ಅನ್ನಿಸಿಕೊಂಡಿದ್ದು ಯಾವಾಗ ಎನ್ನುವುದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ಬಿಟ್ಟುಬಿಡೋಣ.

ನಮ್ಮದು ಬೇಲೂರಿನಲ್ಲಿ ದೇವಸ್ಥಾನದ ಚಾಕರಿಯ ಮನೆತನ. ಅಣ್ಣನಿಗೆ ಮಂತ್ರ ಬಂತು, ನನಗೆ ಬರಲಿಲ್ಲ. ಬಾಯಿ ಮಾತ್ರ ಜೋರಾಗಿತ್ತು. "ನಿನ್ನ ಗಂಟಲು ದೇವರಿಗಂತೂ ಬೇಡ ಕಣೋ, ಜನಕ್ಕೇನಾದರೂ ಬೇಕಾಗುತ್ತೇನೋ ನೋಡು" ಎಂದು ಅಪ್ಪ ನನ್ನನ್ನು ಹೊರಗಿನ ಪ್ರಾಕಾರಕ್ಕೆ ಕಳಿಸಿದರು. ಐವತ್ತರ ದಶಕದಲ್ಲಿ ಗುಡಿಯೊಳಗೆ ಕರೆಂಟಿನ ದೀಪವಿರಲಿಲ್ಲ. ಬಾಗಿಲ ಹೊರಗೆ ಬಿಸಿಲಿಗೆ ಕನ್ನಡಿ ಹಿಡಿದು, ಬೆಳಕನ್ನು ಒಳಗೆ ಎಸೆದು, ಛಾವಣಿಯಲ್ಲಿರುವ ಒಂದೊಂದೇ ಮೂರ್ತಿಯನ್ನು ತೋರಿಸಬೇಕು. ಮೋಡ ಮುಸುಕಿದರೆ ಮೋಡ ಸರಿಯುವವರೆಗೆ ಕಥೆ ಎಳೆಯಬೇಕು. ನಾನು ಕಥೆ ಎಳೆಯುವುದನ್ನು ಕಲಿತದ್ದು ಆಷಾಢದ ಮೋಡಗಳಿಂದ.

ಒಂದು ಸಲ ಪುರಾತತ್ವ ಇಲಾಖೆಯ ನಮ್ಮ ಮೇಲಧಿಕಾರಿ ತಪಾಸಣೆಗೆ ಬಂದಿದ್ದರು. ನನ್ನ ಚಾಕಚಕ್ಯ ತೋರಿಸುವ ಹುಮ್ಮಸ್ಸಿನಲ್ಲಿ ಕನ್ನಡಿ ತಿರುಗಿಸಿದೆ, ಬೆಳಕು ನೇರವಾಗಿ ಅವರ ಕಣ್ಣಿಗೇ ಹೊಡೆಯಿತು. ಕೈ ಅಡ್ಡ ಹಿಡಿದು, "ನಾನು ಶಿಲ್ಪವಲ್ಲ ಕಣಯ್ಯಾ, ಸರ್ಕಾರಿ ನೌಕರ. ಆ ಕಡೆ ತಿರುಗಿಸು" ಎಂದರು. ಆಮೇಲೆ ಬಲ್ಬು ಬಂದವು. ಗುಂಡಿ ಒತ್ತಿದರೆ ಎಲ್ಲ ಮೂರ್ತಿಗಳೂ ಒಟ್ಟಿಗೆ ಕಾಣಿಸಿದವು, ಜನ ಒಟ್ಟಿಗೆ ನೋಡಿ ಒಟ್ಟಿಗೆ ಮರೆತರು. ಬಲ್ಬು ಬೇಡವೆಂದು ನಾನು ಹೇಳುವುದಿಲ್ಲ, ಕೈನೋವು ತಪ್ಪಿತು. ಆದರೆ ನೀವು ಕಥೆ ಹೇಳುವಾಗ ಕನ್ನಡಿ ಹಿಡಿದವರ ಹಾಗೆ ಹೇಳಿ, ಒಂದಾದ ಮೇಲೆ ಒಂದು.

ಈ ಮೇಲಧಿಕಾರಿಯ ಹೆಸರು ಬೇಡ. ಊರವರು ಅವರನ್ನು ಅರಿಶಿನದ ಸಾಹೇಬ್ರು ಎನ್ನುತ್ತಿದ್ದರು. ಹೆಂಗಸರು ಮೂರ್ತಿಗಳಿಗೆ ಅರಿಶಿನ ಹಚ್ಚುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಕಲ್ಲು ಹಾಳಾಗುತ್ತದೆ ಎನ್ನುವ ಅವರ ಮಾತೂ ಸರಿಯೇ. ಜೀಪಿನಿಂದ ಇಳಿದವರೇ ಮೂಗಿನಿಂದ ಎಣ್ಣೆ ಅರಿಶಿನ ಹುಡುಕುತ್ತಾ ಗುಡಿ ಸುತ್ತುವರು. ಹಳದಿ ಕಂಡಲ್ಲಿ, "ಮರಿಯಪ್ಪಾ, ಬಕೆಟ್!" ಎಂದು ಕೂಗುವರು.

ಮರಿಯಪ್ಪ, ಆಮೇಲೆ ನಾನು ಕೆಲಸಕ್ಕೆ ಬಂದ ಹಳೇಬೀಡಿನ ಗುಡಿಯ ಕಾವಲುಗಾರ. ಹಾರನಹಳ್ಳಿಯವನು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯ ಸೇರಿ ಈಜಿಪ್ಟಿನ ಮರಳಿನವರೆಗೂ ಹೋಗಿ ಬಂದವನು. ನನಗಿಂತ ಹತ್ತು ವರ್ಷ ದೊಡ್ಡವನಾದರೂ ನನ್ನನ್ನು ಸಾ ಎನ್ನುತ್ತಿದ್ದ, ಮಾತಿನಲ್ಲಿ ಮಾತ್ರ ಮೂರು ಕಾಸಿಗೆ ಮಾರಿಬಿಡುತ್ತಿದ್ದ. ಅಂಥ ಗೆಳೆಯ ನನಗೆ ಆಮೇಲೆ ಸಿಕ್ಕಲಿಲ್ಲ.

ಈಗ ಕಂಬಕ್ಕೆ ಬರುತ್ತೇನೆ. ಗುಡಿಯ ದಕ್ಷಿಣಕ್ಕೆ ಅಂಗಳದಲ್ಲಿ ಒಂಟಿಯಾಗಿ ನಿಂತಿರುವ ಗರುಡಗಂಬವನ್ನು ನೀವು ನೋಡಿದ್ದೀರಿ. ನೃತ್ಯದ ಹೆಂಗಸರನ್ನೂ ದೇವತೆಗಳನ್ನೂ ನೋಡಲು ಬಂದ ಜನ ಅದನ್ನು ದಾಟಿ ಹೋಗುತ್ತಾರೆ. ನಾನು ಬಿಡುತ್ತಿರಲಿಲ್ಲ. ಅದರಲ್ಲಿ ಕೆತ್ತಿರುವ ಆಳುಗಳು ಕತ್ತಿ ಹಿಡಿದು ತಮ್ಮ ಕತ್ತನ್ನೇ ತಾವು ಕೊಯ್ದುಕೊಳ್ಳುತ್ತಿದ್ದಾರೆ. ಹೊಯ್ಸಳರ ಕಾಲದಲ್ಲಿ ಅಂಥವರನ್ನು ಲೆಂಕರು, ಗರುಡರು ಎನ್ನುತ್ತಿದ್ದರು. ಒಡೆಯನ ಅನ್ನ ಉಂಡು, ಒಡೆಯ ಸತ್ತ ದಿನ ತಾವೂ ಸಾಯುತ್ತೇವೆಂದು ಮಾತು ಕೊಟ್ಟವರು. ಆ ಮಾತಿನ ಗುರುತಾಗಿ ಎಡಗಾಲಿಗೆ ಕಡಗ ತೊಟ್ಟವರು. ಆಳೂ ಹೌದು, ವೀರನೂ ಹೌದು. ದೊರೆ ತೀರಿಕೊಂಡ, ಅವನ ದಂಡನಾಯಕ ಹೆಂಡತಿಯೊಡನೆ ಪ್ರಾಣ ಕೊಟ್ಟ, ಅವನ ಆಳುಗಳೂ ಕೊಟ್ಟರು.

ಇದನ್ನು ಹೇಳಿ ನಾನು ಗುಂಪಿನ ಹತ್ತಿರ ಸರಿಯುತ್ತಿದ್ದೆ. ಆಮೇಲೆ ದನಿ ಇಳಿಸಿ, "ಇದೇ ಪಟ್ಟಣವನ್ನು ಮುಂದೆ ದೆಹಲಿಯ ದಂಡು ಬಂದು ದೋಚಿತು. ಆ ದಂಡಿನ ಸೇನಾಪತಿ ಯಾರು ಗೊತ್ತೇ? ಅವನೂ ಗುಲಾಮ. ಬೆಲೆ ಕೊಟ್ಟು ಕೊಂಡ ಆಳು" ಎನ್ನುತ್ತಿದ್ದೆ. ಜನ ಹಾ ಎನ್ನುವರು. "ಇನ್ನೂ ಕೇಳಿ. ಅದಾದ ಮೇಲೆ ನಮ್ಮ ದೊರೆಯ ಸೈನ್ಯದಲ್ಲೇ ಮುಸಲ್ಮಾನ ಸಿಪಾಯಿಗಳು ಸಾವಿರಗಟ್ಟಲೆ ಸಂಬಳಕ್ಕಿದ್ದರೆಂದು ದೂರದೇಶದ ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. ಯಾರ ಯುದ್ಧ, ಯಾರ ರಕ್ತ ನೋಡಿ!"

ಮರಿಯಪ್ಪ ದೂರದಿಂದಲೇ ಕೊಕ್ಕೆ ಹಾಕುವನು. "ಅದ್ರಲ್ಲೇನೈತೆ ಸಾ? ನಾನೂ ಬಾಡಿಗೆ ಸಿಪಾಯಿನೇ. ಇಂಗ್ಲಿಷಿನೋನ ರೊಟ್ಟಿ ತಿಂದು ಜರ್ಮನಿಯೋನ ಮ್ಯಾಲೆ ಗುಂಡು ಹೊಡ್ದೆ. ಜರ್ಮನಿಯೋನ್ಗೂ ಹಾರನಹಳ್ಳಿಗೂ ಏನು, ಬದುವಿನ ಜಗಳ ಇತ್ತಾ?"

ಒಂದು ಸಲ ಕೈರೋದ ಪ್ರಾಧ್ಯಾಪಕರೊಬ್ಬರು ಬಂದಿದ್ದರು. ದಪ್ಪ ಮೀಸೆ, ದೊಡ್ಡ ನಗು. ನನ್ನ ಕಥೆ ಪೂರ್ತಿ ಕೇಳಿ, "ನಮ್ಮ ಸುಲ್ತಾನರೂ ದೂರದ ನಾಡಿನಿಂದ ಹುಡುಗರನ್ನು ಕೊಂಡುತಂದು, ಕುದುರೆ ಸವಾರಿ ಕಲಿಸಿ, ಬಿಲ್ಲು ಕಲಿಸಿ ಸಾಕುತ್ತಿದ್ದರು. ನಿಮ್ಮ ಆಳುಗಳು ದೊರೆಗಾಗಿ ಸತ್ತರು. ನಮ್ಮವರು ದೊರೆಯನ್ನೇ ಮುಗಿಸಿ ತಾವು ಸಿಂಹಾಸನ ಹತ್ತಿದರು!" ಎಂದರು. ತುರ್ಕಿಯ ಸುಲ್ತಾನನು ಕ್ರೈಸ್ತರ ಮನೆಗಳಿಂದ ಮಕ್ಕಳನ್ನು ಎಳೆದು ತಂದು ದಂಡು ಕಟ್ಟಿದ್ದು, ಮುಂದೆ ಆ ದಂಡಿಗೆ ಸುಲ್ತಾನರೇ ನಡುಗುವಂತಾದದ್ದು ಎಲ್ಲ ಹೇಳಿದರು. ನಾನು ಅದನ್ನು ಮರಿಯಪ್ಪನಿಗೆ ಕನ್ನಡದಲ್ಲಿ ಹೇಳಿದೆ.

"ಆ ಹುಡುಗ್ರಿಗೆ ಅವ್ವಂದಿರು ಇರ್ಲಿಲ್ವಾ, ಕೇಳಿ ಸಾ" ಎಂದ ಮರಿಯಪ್ಪ.

ಕೇಳಿದೆ. ಪ್ರಾಧ್ಯಾಪಕರ ನಗು ನಿಂತಿತು. ಮೀಸೆ ಸವರಿಕೊಂಡು, "ಇದ್ದಿರಬೇಕು. ನಮ್ಮ ಪುಸ್ತಕಗಳಲ್ಲಿ ಅವರ ವಿಷಯ ಇಲ್ಲ" ಎಂದರು. ಒಳ್ಳೆಯ ಮನುಷ್ಯ, ಹೋಗುವಾಗ ಮರಿಯಪ್ಪನ ಕೈ ಕುಲುಕಿ ಹೋದರು.

ಅಂಥ ಒಬ್ಬ ಅವ್ವ ಕಂಬದ ಮುಂದೆ ಬಂದದ್ದು ಅದಾದ ಮೇಲೆ. ಬೇಲೂರಿನಿಂದ ಹಳೇಬೀಡು, ಬಾಣಾವರದ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ನಮ್ಮ ಗುಡಿಯ ಹತ್ತಿರ ನಿಲ್ಲುತ್ತಿತ್ತು. ಡ್ರೈವರು ಇಡ್ಲಿ ತಿನ್ನುವಷ್ಟು ಹೊತ್ತು ಪ್ರಯಾಣಿಕರು ಇಳಿದು ದೇವರಿಗೆ ಕೈಮುಗಿದು ಬರುವರು. ಹಾಗೆ ಇಳಿದವರು ಗೆಂಡೆಹಳ್ಳಿಯ ಚೌಡಮ್ಮ ಮತ್ತು ಅವರ ಮಗ ಬೋರೇಗೌಡ. ರಾಗಿ ಬೆಳೆಯುವ ಒಕ್ಕಲು ಮನೆ. ಮಗ ಮಿಲಿಟರಿಗೆ ಸೇರಿ, ತರಬೇತಿ ಮುಗಿಸಿ, ರಜೆಗೆ ಬಂದು ವಾಪಸು ಹೊರಟಿದ್ದ. ತಾಯಿ ಅರಸೀಕೆರೆ ಸ್ಟೇಷನ್ನಿನವರೆಗೆ ಕಳಿಸಲು ಬಂದಿದ್ದರು.

ನಮ್ಮನ್ನು ಹಳ್ಳಿಯವರು ಗೈಡಪ್ಪ ಎಂದೇ ಕರೆಯುವುದು. ಚೌಡಮ್ಮ ಕಂಬದ ಮುಂದೆ ನಿಂತು, "ಇವ್ರು ಯಾವ ದೇವ್ರು ಗೈಡಪ್ಪೋರೆ?" ಎಂದರು.

"ದೇವರಲ್ಲಮ್ಮ, ಬಂಟರು. ಒಡೆಯನ ಅನ್ನ ತಿಂದು ಅವನ ಪಕ್ಕ ಬಿಟ್ಟು ಕದಲದವರು. ಬಾಣ ಬರಲಿ, ಬೆಂಕಿ ಬರಲಿ, ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ. ಈ ಎಡಗಾಲಿನ ಕಡಗ ನೋಡಿ, ಅದೇ ಅವರು ಕೊಟ್ಟ ಮಾತು..." ಎಂದು ನಾನು ಎಂದಿನಂತೆ ಎಳೆಯತೊಡಗಿದೆ. ಕತ್ತು ಕೊಯ್ದುಕೊಳ್ಳುವ ಭಾಗ ಕೊನೆಗೆ ಬರಬೇಕು, ಅದು ನನ್ನ ಪದ್ಧತಿ.

ಅಷ್ಟರಲ್ಲಿ ಡ್ರೈವರು ಹಾರನ್ ಹೊಡೆದ. ಚೌಡಮ್ಮ ಸೊಂಟದ ಚೀಲದಿಂದ ಅರಿಶಿನ ತೆಗೆದು ಆ ಕಲ್ಲಿನ ಕಡಗಕ್ಕೆ ಹಚ್ಚಿದರು. ಮಗನ ಕೈ ಹಿಡಿದು ಕಡಗ ಮುಟ್ಟಿಸಿದರು, ಅದೇ ಕೈಯಿಂದ ಅವನ ಎಡಗಾಲನ್ನೂ ಮುಟ್ಟಿಸಿದರು. "ನನ್ ಮಗಂಗೂ ಹಿಂಗೇ ಜೊತ್ಗಾರ್ರು ಸಿಗ್ಲಪ್ಪಾ, ಇವ್ನೂ ಅವ್ರನ್ನ ಬುಟ್ಟು ಕದಲ್ದೆ ಇರ್ಲಿ" ಎಂದರು. ಆಮೇಲೆ ಒಂದು ಸಣ್ಣ ಗಂಟನ್ನು ಅವನ ಅಂಗಿ ಜೇಬಿಗೆ ತುರುಕಿ, "ಮನೆ ಉಪ್ಪು ಕಣ್ಲಾ. ಅಲ್ಲಿ ಯಾರ ಉಪ್ಪು ತಿಂದ್ರೂ ಮೊದ್ಲು ತಿಂದಿದ್ದು ಇದು, ಮರೀಬ್ಯಾಡ" ಎಂದರು. ಬೋರ ನಾಚಿ ಕೆಂಪಾದ.

"ಕಥೆ ಇನ್ನೂ ಮುಗಿದಿಲ್ಲಮ್ಮಾ!" ಎಂದು ಕೂಗಿದೆ.

"ಮಗ ಬಂದಾಗ ಕೇಳ್ತೀನಿ, ಬುಡಿ!" ಎಂದು ಓಡಿ ಬಸ್ಸು ಹತ್ತಿದರು.

ಚೌಡಮ್ಮನ ಮಗಳನ್ನು ಹಳೇಬೀಡಿಗೇ ಕೊಟ್ಟಿತ್ತು. ಮಗಳ ಮನೆಗೆ ಬಂದಾಗಲೆಲ್ಲ ಕಂಬಕ್ಕೆ ಬಂದು ಕಡಗಕ್ಕೆ ಅರಿಶಿನ ಹಚ್ಚಿ ಹೋಗುವರು. ಅವರನ್ನು ನೋಡಿ, ಮಕ್ಕಳು ಮಿಲಿಟರಿಯಲ್ಲಿರುವ ಬೇರೆ ತಾಯಂದಿರೂ ಶುರುಮಾಡಿದರು, ಗಂಡಸಿಯ ಕಡೆಯಿಂದಲೂ ಒಬ್ಬರು ಬಂದರು. ಮಿಕ್ಕ ಕಥೆ ಹೇಳಿಬಿಡೋಣ ಎಂದು ನಾನು ಹತ್ತಿರ ಹೋಗುವುದು, ಅವರ ಮುಖ ನೋಡಿ ಮಳೆ ಬೆಳೆ ವಿಚಾರಿಸಿ ಬರುವುದು. ಇಷ್ಟು ಸಂತೋಷವಾಗಿ ಅರಿಶಿನ ಹಚ್ಚುವವರ ಮುಂದೆ ಕತ್ತು ಕೊಯ್ಯುವ ಮಾತು ಹೇಗೆ ಆಡುವುದು? ಬೋರನ ಸುದ್ದಿಯನ್ನು ಅವರೇ ಹೇಳುವರು. ಅವನು ಒಬ್ಬ ಕ್ಯಾಪ್ಟನ್ ಸಾಹೇಬರಿಗೆ ಆರ್ಡರ್ಲಿಯಾಗಿದ್ದಾನೆ, ಬಟ್ಟೆ ಬೂಟು ನೋಡಿಕೊಳ್ಳುತ್ತಾನೆ, ಹೋದಲ್ಲಿಗೆಲ್ಲ ಜೊತೆಗೆ ಹೋಗುತ್ತಾನೆ. ಆ ಕ್ಯಾಪ್ಟನ್ ಅರಸೀಕೆರೆಯವರೇ. ಬೋರ ಯಾರೊಡನೆಯೋ "ಐತೆ" ಎಂದದ್ದು ಕಿವಿಗೆ ಬಿದ್ದು, "ಯಾವೂರೋ ನೀನು?" ಎಂದು ಕೇಳಿ ಜೊತೆಗಿಟ್ಟುಕೊಂಡರಂತೆ.

ಅರಿಶಿನದ ಸಾಹೇಬರ ಮೂಗು ಸುಮ್ಮನಿರುತ್ತದೆಯೇ? ಕಂಬದ ಮುಂದೆ ನಿಂತು, "ಇದೇನ್ರೀ, ಕತ್ತು ಕೊಯ್ಕೊಂಡವರಿಗೂ ಪೂಜೆ ಶುರುವಾಯ್ತಾ? ಮರಿಯಪ್ಪಾ, ಬಕೆಟ್!" ಎಂದರು. ಮರಿಯಪ್ಪ ಬಕೆಟ್ ತಂದ, ತೊಳೆದ. ಮಾರನೇ ವಾರ ಮತ್ತೆ ಹಳದಿ. ಹೀಗೇ ನಡೆಯಿತು.

ಆಮೇಲೆ ಚೀನಾದವರೊಡನೆ ಯುದ್ಧ ಬಂತು. ಅರಸೀಕೆರೆ ಸ್ಟೇಷನ್ನಿನಲ್ಲಿ ಮಿಲಿಟರಿ ರೈಲಿಗೆ ಜನ ಬಾಳೆಹಣ್ಣು, ಎಳನೀರು ಕೊಡುತ್ತಿದ್ದಾರೆಂದು ಬಸ್ಸಿನವರು ಹೇಳುತ್ತಿದ್ದರು. ಗುಡಿಗೆ ಪ್ರವಾಸಿಗಳು ಕಡಿಮೆಯಾದರು. ಒಂದು ಬೆಳಿಗ್ಗೆ ಹೈಸ್ಕೂಲಿನ ಮಕ್ಕಳ ಗುಂಪು ಬಂದಿತ್ತು. ದೇಶಭಕ್ತಿಯ ಕಾಲ, ಮೇಷ್ಟರು "ವೀರರ ಕಥೆ ಹೇಳಿ" ಎಂದರು. ನಾನು ಕಂಬದ ಕಥೆಯನ್ನು ಅವತ್ತು ಹೇಳಿದಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಕಡಗ ಎಂದರೇನು, ಮಾತು ಎಂದರೇನು, ಒಡೆಯ ಸತ್ತ ಮೇಲೆ ಉಪ್ಪುಂಡವನು ಒಂದು ಗಳಿಗೆಯೂ ಉಳಿಯಬಾರದೆಂದು ಕತ್ತಿ ಎತ್ತಿದ್ದು ಎಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ಗುಂಪು ಸರಿದಾಗ ಹಿಂದೆ ಚೌಡಮ್ಮ ನಿಂತಿದ್ದರು. ಕೈಯಲ್ಲಿ ಅರಿಶಿನದ ಪೊಟ್ಟಣ.

"ಈಗ ನೀವು ಏಳಿದ್ದು ದಿಟವಾ ಗೈಡಪ್ಪೋರೆ? ಒಡೆಯ ಸತ್ರೆ ಇವ್ರೂ ಸಾಯ್ಬೇಕಾ?"

ಹೌದೆಂದು ತಲೆಯಾಡಿಸಿದೆ.

"ಕ್ಯಾಪ್ಟನ್ ಸಾಹೇಬ್ರು ತೀರ್ಕೊಂಡ್ರಂತೆ. ಅರಸೀಕೆರೆಗೆ ತಂತಿ ಬಂದೈತೆ, ಕಂಡಕ್ಟರು ಏಳ್ದ. ನನ್ ಮಗನ ಸುದ್ದಿ ಒಂದೂ ಇಲ್ಲ." ಅವರ ದನಿ ನಡುಗಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. "ನಾನೇ ಅಲ್ವಾ ಮುಟ್ಸಿದ್ದು? ನನ್ ಕೈಯಾರೆ ಈ ಕಡಗ ಅವನ ಕಾಲ್ಗೆ ಆಕ್ದೆ. ನೀವು ಓದ್ದೋರು. ಬಿಚ್ಚೋದು ಎಂಗೆ, ಏಳಿ."

ನಾನು ನನಗೆ ಗೊತ್ತಿದ್ದ ಚರಿತ್ರೆಯನ್ನೆಲ್ಲ ಸುರಿದೆ. ಎಲ್ಲ ಆಳುಗಳೂ ಹೀಗೆ ಸಾಯಲಿಲ್ಲ ತಾಯಿ, ಕೈರೋದಲ್ಲಿ ದೊರೆಗಳಾದರು, ತುರ್ಕಿಯಲ್ಲಿ ದೊರೆಗಳನ್ನು ಹೆದರಿಸಿದರು, ಸಂಬಳ ತೆಗೆದುಕೊಂಡು ಮನೆಗೆ ಹೋದವರೇ ಹೆಚ್ಚು, ನಮ್ಮ ಮರಿಯಪ್ಪನನ್ನೇ ನೋಡಿ ಎಂದೆ. ಮರಿಯಪ್ಪನೂ ಬಂದು, "ನಾನು ಮೂರು ಸಾಹೇಬ್ರ ಕೈಕೆಳಗೆ ಇದ್ದೆ ಕಣವ್ವಾ, ಇಬ್ರು ಸತ್ರು. ನಾನು ಬೀಡಿ ಸೇದ್ಕಂಡು ನಿಂತಿಲ್ವಾ?" ಎಂದ. ಅವರು ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಬವನ್ನು ನಿಧಾನವಾಗಿ ಒಂದು ಸುತ್ತು ಬಂದರು. ಒಬ್ಬೊಬ್ಬ ಆಳನ್ನೂ ನೋಡಿದರು.

"ಎಲ್ರೂ ಸತ್ತೋದ್ರಾ?"

"ಎಲ್ಲರೂ ಅಂತಲೇ ಹೇಳುತ್ತಾರಮ್ಮ."

"ಅಂಗಾದ್ರೆ ಈ ಕಂಬ ನಿಲ್ಸಿದ್ದು ಯಾರು?"

ಅಷ್ಟು ವರ್ಷ ಆ ಕಂಬದ ಮುಂದೆ ನಿಂತು ಹೊಟ್ಟೆ ಹೊರೆದವನು ನಾನು. ಪಂಡಿತರನ್ನೂ ಪ್ರಾಧ್ಯಾಪಕರನ್ನೂ ಸುತ್ತಿಸಿದ್ದೇನೆ. ಆ ಪ್ರಶ್ನೆ ಯಾರೂ ಕೇಳಿರಲಿಲ್ಲ, ಏಕೆಂದರೆ ಅವರಾರಿಗೂ ಅದರ ಉತ್ತರ ಬೇಕಾಗಿರಲಿಲ್ಲ. ಈ ತಾಯಿಗೆ ಬೇಕಾಗಿತ್ತು. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳುವ ಚಟ ಗೈಡುಗಳಿಗೆಲ್ಲ ಇರುತ್ತದೆ, ಅವತ್ತು ನನ್ನಿಂದ ಆಗಲಿಲ್ಲ.

"ಗೊತ್ತಿಲ್ಲ ತಾಯಿ. ಯಾರೋ ಒಬ್ಬ ಉಳಿದಿರಬೇಕು. ಇಲ್ಲದಿದ್ದರೆ ನಮಗೆ ಯಾರು ಹೇಳುತ್ತಿದ್ದರು?"

"ಅವ್ನೇ ನನ್ ಮಗ" ಎಂದರು ಚೌಡಮ್ಮ. ಅರಿಶಿನದ ಪೊಟ್ಟಣವನ್ನು ಬಿಚ್ಚದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಆ ವಾರ ಸಾಹೇಬರು ಬಂದರು. ಬೇರೆ ತಾಯಂದಿರು ಹಚ್ಚಿದ ಅರಿಶಿನ ಕಂಬದ ಮೇಲೆ ದಪ್ಪವಾಗಿ ಕೂತಿತ್ತು. ಮರಿಯಪ್ಪ ಕರೆಯುವ ಮೊದಲೇ ಬಕೆಟ್ ತಂದಿಟ್ಟ, ನಾನು ಚೌಡಮ್ಮನ ವಿಷಯ ಹೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ತೊಳೀಲೇಬೇಕು. ಕಲ್ಲು ಹಾಳಾಗುತ್ತೆ" ಎಂದು ಗದರಿದರು. ಜೀಪು ಹತ್ತಿದ ಮೇಲೆ ತಲೆ ಹೊರಗೆ ಹಾಕಿ, "ಆದ್ರೆ ಇವತ್ತೇ ತೊಳೀಬೇಕು ಅಂತ ನಾನೇನೂ ಹೇಳಿಲ್ಲ" ಎಂದರು. ಗಡಸು ಮನುಷ್ಯ ಎನ್ನುತ್ತಿದ್ದರು ಎಲ್ಲ. ನನಗೆ ಅವರ ಮೇಲೆ ಅವತ್ತು ಹುಟ್ಟಿದ ಪ್ರೀತಿ ಇವತ್ತಿಗೂ ಇದೆ.

ಬೋರ ಬದುಕಿದ್ದ. ಹಿಮದಲ್ಲಿ ಎಡಗಾಲಿನ ಬೆರಳು ಹೋಗಿ ಎಲ್ಲೋ ದೂರದ ಆಸ್ಪತ್ರೆಯಲ್ಲಿ ಮಲಗಿದ್ದನಂತೆ. ಬೇಸಗೆ ಹತ್ತುವ ಹೊತ್ತಿಗೆ ಊರಿಗೆ ಬಂದ. ಚೌಡಮ್ಮ ಸಕ್ಕರೆ ಹಂಚಲು ಬಂದವರು ನನಗೂ ಮರಿಯಪ್ಪನಿಗೂ ಕೊಟ್ಟು, ಹೋಗದೆ ಅಲ್ಲೇ ಕೂತರು.

"ಬಂದವ್ನೆ, ಆದ್ರೆ ಪೂರ್ತಿ ಬಂದಿಲ್ಲ. ಉಪ್ಪು ತಿನ್ನಾಕಿಲ್ಲ ಅಂತಾನೆ. ಬರೀ ಸಪ್ಪೆ ಮುದ್ದೆ, ಸಪ್ಪೆ ಮಜ್ಜಿಗೆ. ಜೀವ ಇಳ್ದೋಗೈತೆ. ಸಾಹೇಬ್ರ ಉಪ್ಪು ತಿಂದು ಬದುಕ್ ಬಂದೋನು, ಇನ್ನೊಬ್ರ ಉಪ್ಪು ತಿನ್ನೋಕೆ ಮುಖ ಇಲ್ಲ ಅಂತಾನೆ. ನನ್ ಕೈ ಉಪ್ಪೂ ಬ್ಯಾಡ್ವಂತೆ ಗೈಡಪ್ಪೋರೆ." ಇಷ್ಟು ದಿನ ನಡುಗದಿದ್ದ ದನಿ ಆಗ ನಡುಗಿತು.

ನಾನೂ ಮರಿಯಪ್ಪನೂ ಗೆಂಡೆಹಳ್ಳಿಗೆ ಹೋದೆವು. ಬೋರ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಊರಲ್ಲಿ ಯಾರೋ "ಸಾಹೇಬ್ರು ಹೋದ್ರು, ಆಳು ಬಂದ" ಎಂದು ಆಡಿಕೊಂಡಿದ್ದರಂತೆ. ಮರಿಯಪ್ಪ ಬೀಡಿ ಕೊಟ್ಟು, "ಏನ್ಲಾ, ನಾವೇನು ಸಾಯಾಕೆ ಓಗಿದ್ವಾ? ಬದುಕ್ ಬರೋದೂ ಸಿಪಾಯಿ ಕೆಲಸಾನೇ ಕಣ್ಲಾ" ಎಂದ.

"ನಿಮ್ದು ಬೇರೆ ಮರಿಯಪ್ಪಣ್ಣ. ನಿಮ್ ಸಾಹೇಬ್ರು ನಿಮ್ ಬಾಸೆ ಆಡ್ತಿರ್ಲಿಲ್ಲ" ಎಂದ ಬೋರ.

ಆಮೇಲೆ ತಾನಾಗಿಯೇ ಹೇಳಿದ. ಗುಡ್ಡದ ಮೇಲೆ ಒಬ್ಬ ಜವಾನನಿಗೆ ಗುಂಡು ಬಿದ್ದಿತ್ತು. ಅವನನ್ನು ಹೊತ್ತುಕೊಂಡು ಕೆಳಗಿಳಿ ಎಂದು ಕ್ಯಾಪ್ಟನ್ ಹೇಳಿದರು. ಬೋರ ಒಲ್ಲೆ ಎಂದ. "ಇದು ಆರ್ಡರ್ ಕಣೋ ಬೋರ" ಎಂದು ಕನ್ನಡದಲ್ಲಿ ಗದರಿದರು. ಇಳಿದ. ಹೊತ್ತವನು ಬದುಕಿದ. ಗುಡ್ಡ ಉಳಿಯಲಿಲ್ಲ, ಅದರ ಮೇಲಿದ್ದ ಕ್ಯಾಪ್ಟನ್ನರೂ ಉಳಿಯಲಿಲ್ಲ.

"ಬರುವಾಗ ಅರಸೀಕೆರೇಲಿ ಇಳ್ದೆ ಸಾ. ಅವ್ರ ಮನೆ ಗುರುತು ಗೊತ್ತಿತ್ತು, ದಿನಾ ಹೇಳೋರು. ಬಾಗ್ಲಲ್ಲಿ ಸಂಪಿಗೆ ಮರ ಐತೆ. ಗೇಟು ಹಿಡ್ಕಂಡು ನಿಂತೆ. ಒಳ್ಗೆ ಅವ್ರವ್ವ ಪಾತ್ರೆ ತೊಳೀತಿದ್ರು. ಏನಂತ ಕರೀಲಿ? ಬಸ್ ಸ್ಟ್ಯಾಂಡಿಗೆ ಬಂದ್ಬುಟ್ಟೆ."

ಮಾತನಾಡುವುದೇ ನನ್ನ ಕಸುಬು ತಾನೆ. "ಬೋರ, ಆ ಕಂಬ ನಿಲ್ಲಿಸಿದ್ದು ಯಾರು ಅಂತ ನಿಮ್ಮವ್ವ ನನ್ನನ್ನು ಕೇಳಿದರು. ಸತ್ತವರಂತೂ ಅಲ್ಲ. ಉಳಿದವನೊಬ್ಬ ಇವರು ಹೀಗಿದ್ದರು ಅಂತ ಹೇಳಿದ್ದಕ್ಕೇ ಇಷ್ಟು ವರ್ಷದ ಮೇಲೂ ನಾವು ಅವರ ಮುಂದೆ ನಿಲ್ಲುತ್ತೇವೆ. ಆ ತಾಯಿಯ ಹತ್ತಿರ ಒಂದು ತಂತಿ ಇದೆ. ಮಗ ಹೋದ ಅಂತ ಅದರಲ್ಲಿದೆ, ಹೇಗಿದ್ದ ಅಂತ ಇಲ್ಲ. ಅದು ನಿನ್ನ ಹತ್ತಿರ ಇದೆ."

ಅವನು ಬೀಡಿಯನ್ನು ಜಗುಲಿಯ ಅಂಚಿಗೆ ಒತ್ತಿ ಆರಿಸಿದ. ಚೌಡಮ್ಮ ನಮಗೆ ಮುದ್ದೆ ಬಡಿಸಿದರು. ಬೋರ ತನ್ನ ಸಪ್ಪೆ ಮಜ್ಜಿಗೆಯಲ್ಲಿ ಮುದ್ದೆ ಅದ್ದಿ ನುಂಗುವುದನ್ನು ನೋಡುತ್ತ ನಾನೂ ಉಪ್ಪು ಸರಿಸಿಟ್ಟು ಉಂಡೆ. ಬಸ್ಸಿನಲ್ಲಿ ವಾಪಸು ಬರುವಾಗ ಮರಿಯಪ್ಪ, "ಈ ಸಲ ನಿಮ್ ಕಥೆ ಹತ್ಲಿಲ್ಲ ಸಾ" ಎಂದ.

ಕೆಲವು ವಾರ ಕಳೆಯಿತು. ಒಂದು ಬೆಳಿಗ್ಗೆ ಅರಸೀಕೆರೆ ಬಸ್ಸಿನಿಂದ ಬೋರ ಇಳಿದ. ಹಿಂದಕ್ಕೆ ಕೈ ಚಾಚಿ ವಯಸ್ಸಾದ ಒಬ್ಬರನ್ನು ಇಳಿಸಿಕೊಂಡ. ತೆಳ್ಳನೆಯ ಮೈ, ತೋಳಿನಲ್ಲಿ ಹಿತ್ತಾಳೆಯ ಡಬ್ಬಿ. ಅವರು ಕ್ಯಾಪ್ಟನ್ನರ ತಾಯಿ ಜಾನಕಮ್ಮ, ತೀರಿಕೊಂಡ ಹೆಡ್‌ಮಾಸ್ಟರೊಬ್ಬರ ಹೆಂಡತಿ. ಮಗಳ ಮನೆಗೆ ಬಂದಿದ್ದ ಚೌಡಮ್ಮ ಆಗಲೇ ಗುಡಿಯ ಹತ್ತಿರ ಕಾಯುತ್ತಿದ್ದರು. ಇಬ್ಬರು ತಾಯಂದಿರೂ ಒಬ್ಬರನ್ನೊಬ್ಬರು ನೋಡಿದರು. ಚೌಡಮ್ಮ ಕಾಲಿಗೆ ಬೀಳಲು ಬಗ್ಗಿದರೆ ಜಾನಕಮ್ಮ ಭುಜ ಹಿಡಿದು ಎತ್ತಿದರು.

"ನಿಮ್ಮ ಮಗ ಎಲ್ಲ ಹೇಳಿದ. ನನ್ನ ಮಗ ಆ ಚಳೀಲೂ ಬೆಳಿಗ್ಗೆ ಎದ್ದು ಕ್ಷೌರ ಮಾಡ್ಕೋತಿದ್ದನಂತೆ. ಮನೇಲಿದ್ದಾಗ ಎಷ್ಟು ಬೈದ್ರೂ ಮಾಡ್ಕೋತಿರ್ಲಿಲ್ಲ" ಎಂದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಆ ಕಂಬ ತೋರಿಸಿ. ಕಥೆ ಪೂರ್ತಿ ಹೇಳಿ, ಏನೂ ಬಿಡಬೇಡಿ" ಎಂದರು.

ಹೇಳಿದೆ. ಎಳೆಯಲಿಲ್ಲ, ದನಿ ಇಳಿಸಲಿಲ್ಲ. ಲೆಂಕರು, ಕಡಗ, ಮಾತು, ಕತ್ತಿ. ಮುಗಿದ ಮೇಲೆ ಜಾನಕಮ್ಮ ಕಂಬವನ್ನು ಸುತ್ತಿ ನೋಡಿ, "ಉಳಿದವನೊಬ್ಬ ಇದ್ದ ಅಂದಿದ್ದಿರಂತೆ. ಎಲ್ಲಿದ್ದಾನೆ ಇದರಲ್ಲಿ?" ಎಂದರು.

"ಅವನನ್ನು ಕೆತ್ತಿಲ್ಲಮ್ಮ. ಕೆತ್ತಿಸಿದವನೇ ಅವನಿರಬೇಕು."

ಅವರು ಬೋರನ ಕಡೆ ತಿರುಗಿ ನೋಡಿದರು. ನೆರಳಿಗೆ ಹೋಗಿ ಕೂತು ಡಬ್ಬಿ ತೆರೆದರು. ಮೊಸರನ್ನ, ಅಂಚಿನಲ್ಲಿ ಮಾವಿನಕಾಯಿ ಉಪ್ಪಿನಕಾಯಿ.

"ಬಾರೋ ಇಲ್ಲಿ. ನಿನ್ನೆ ನಮ್ಮನೇಲಿ ಸಪ್ಪೆ ಅನ್ನ ಕೇಳ್ದೆ. ಕೊಟ್ಟೆ, ಸುಮ್ನಿದ್ದೆ. ಈಗ ಕೇಳು. ನನ್ನ ಮಗನ ಉಪ್ಪಿನ ಋಣ ಅಂತೀಯಲ್ಲ, ಅವನಿಗೆ ಆ ಉಪ್ಪು ಹಾಕಿ ಬೆಳೆಸಿದ್ದು ಯಾರು? ನಾನು. ತೀರ್ತು ಅಂತ ಹೇಳಬೇಕಾದವಳೂ ನಾನೇ. ಅವನು ಹೇಳಿದ ಮಾತು ಕೇಳ್ದೆ, ಒಬ್ಬನ್ನ ಬದುಕಿಸ್ದೆ, ಬಂದು ನನಗೆ ಹೇಳ್ದೆ. ತೀರ್ತು. ಕೈ ಒಡ್ಡು."

ಬೋರ ಕುಂಟುತ್ತ ಹೋಗಿ ಮುಂದೆ ಕೂತ. ಕೈ ಒಡ್ಡಿದ. ಜಾನಕಮ್ಮ ತುತ್ತು ಹಾಕಿದರು, ಮೇಲೊಂದು ಹೋಳು ಉಪ್ಪಿನಕಾಯಿ ಇಟ್ಟರು. ಅವನು ಬಾಯಿಗಿಟ್ಟುಕೊಂಡು ಅಗಿಯುತ್ತಲೇ ಅತ್ತ. ಚೌಡಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದರು.

"ಉಪ್ಪು ಸರಿಯಾಗಿದೆಯಾ?" ಎಂದರು ಜಾನಕಮ್ಮ.

"ಸರಿಯಾಗೈತೆ ಕಣವ್ವಾ."

"ನಂಗೂ ಒಸಿ ಕೊಡಿ ತಾಯಿ" ಎಂದು ಚೌಡಮ್ಮ ಪಕ್ಕದಲ್ಲಿ ಕೂತು ಕೈ ಒಡ್ಡಿದರು.

ಆವತ್ತಿನಿಂದ ನಾನು ಕಂಬದ ಕಥೆಯನ್ನು ಕತ್ತಿಯ ಹತ್ತಿರ ನಿಲ್ಲಿಸಿಲ್ಲ. ನೀವೂ ನಿಲ್ಲಿಸಬೇಡಿ. ಬಸ್ಸು ಹಾರನ್ ಹೊಡೆಯಲಿ, ಮೇಷ್ಟರು ಚಪ್ಪಾಳೆ ತಟ್ಟಿಸಲಿ, ಇದನ್ನು ನಿಲ್ಲಿಸಿದವನು ಯಾರು ಎಂದು ಒಂದು ಮಾತು ಕೇಳಿಯೇ ಜನರನ್ನು ಕಳಿಸಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ಡಬ್ಬಿ ಖಾಲಿಯಾಗುವ ಮೊದಲು ಜಾನಕಮ್ಮ ನನಗೂ ಮರಿಯಪ್ಪನಿಗೂ ಒಂದೊಂದು ತುತ್ತು ಕೊಟ್ಟರು. ಉಪ್ಪು ಒಂದು ಹರಳು ಹೆಚ್ಚೇ ಆಗಿತ್ತು. ಯಾರೂ ಹೇಳಲಿಲ್ಲ.